ಮೂಳೆ ಕೂಡಿತು, ಮನುಷ್ಯ ಎದ್ದನೆ?

1949ನೆಯ ಇಸವಿಯ ಫೆಬ್ರವರಿ 2ನೆಯ ತಾರೀಖು, ಬೆಳಗಿನ ಹೊತ್ತು. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ವ್ಯಾನ್ ಹಾರ್ನ್ ಎಂಬ ಚಿಕ್ಕ ಊರಿನ ಸಮೀಪ ಹೆದ್ದಾರಿಯ ಮೇಲೆ ಮಂಜು ದಟ್ಟವಾಗಿ ಕವಿದಿತ್ತು. ಆ ಮಂಜಿನಲ್ಲಿ ಎಚ್ಚರಿಕೆಯಿಂದ ಸಾಗುತ್ತಿದ್ದ ಕಾರೊಂದರಲ್ಲಿ ಇಬ್ಬರಿದ್ದರು. ಕಾರನ್ನು ನಡೆಸುತ್ತಿದ್ದವನು ಬೆನ್ ಹೋಗನ್. ಗಾಲ್ಫ್ ಆಟದಲ್ಲಿ ಆಗಿನ ಕಾಲದ ಅಗ್ರಗಣ್ಯ. ಪಕ್ಕದಲ್ಲಿದ್ದವಳು ಆತನ ಪತ್ನಿ ವ್ಯಾಲರಿ. ಎದುರಿನಿಂದ ಬರುತ್ತಿದ್ದ ದೊಡ್ಡ ಬಸ್ಸೊಂದು ತನ್ನ ಮುಂದಿನ ಲಾರಿಯನ್ನು ಹಿಂದೆ ಹಾಕುವ ಆತುರದಲ್ಲಿ ರಸ್ತೆಯ ಈಚೆಯ ಮಗ್ಗುಲಿಗೆ ನುಗ್ಗಿ ಬಂದಿತು. ಅದು ಸೇತುವೆಯ ಜಾಗ. ಪಕ್ಕಕ್ಕೆ ಸರಿಯಲು ಎಡೆಯೇ ಇಲ್ಲ. ಹೋಗನ್ ಹೆಂಡತಿಯನ್ನು ಕಾಪಾಡಲೆಂದು ಆಕೆಯ ಮೈಮೇಲೆ ಅಡ್ಡಲಾಗಿ ಬಿದ್ದ. ಹಾಗೆ ಬಿದ್ದುದೇ ಆತನ ಪ್ರಾಣವನ್ನೂ ಉಳಿಸಿತು. ಏಕೆಂದರೆ ಮರುಕ್ಷಣದಲ್ಲಿ ಕಾರಿನ ಚುಕ್ಕಾಣಿಯ ಕಂಬ ಆತ ಕುಳಿತಿದ್ದ ಆಸನವನ್ನು ಇರಿದುಕೊಂಡು ಹಿಂದಕ್ಕೆ ಹೋಗಿತ್ತು.

ಪ್ರಾಣವೇನೋ ಉಳಿಯಿತು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಕೊರಳ ಮೂಳೆ, ಎಡಗಾಲಿನ ಹರಡು, ಒಂದು ಪಕ್ಕೆಲುಬು ಇವೂ ಮುರಿದಿದ್ದುವು. ಎಲ್ ಪಾಸೋ ನಗರದ ಆಸ್ಪತ್ರೆಯಲ್ಲಿ ಕೆಲವು ವಾರಗಳ ಮೇಲೆ ಮತ್ತೊಂದು ಗಂಡಾಂತರ ಒದಗಿತು: ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರತೊಡಗಿತು. ನ್ಯೂ ಆರ್ಲಿಯನ್ಸ್‌ನಿಂದ ಆಲ್ಟನ್ ಆಕ್ಸ್‌ನರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರನ್ನು ಕರೆಸಲಾಯಿತು. ಅವರು ಕೆಳಮೈಯ ರಕ್ತವನ್ನೆಲ್ಲ ಹೃದಯಕ್ಕೆ ಒಯ್ಯುವ ಹೆಬ್ಬಾಗಿಲಿನಂತಹ ಮಹಾಸಿರೆಯನ್ನೇ ಕಟ್ಟಿಹಾಕಿ ಆತನನ್ನು ಬದುಕಿಸಿದರು. 59 ದಿನಗಳ ಬಳಿಕ ಹೋಗನ್ ಮನೆಗೆ ಮರಳಿದ. ಮತ್ತೆ ನಡೆದಾನೋ ಇಲ್ಲವೋ ಎಂಬ ಸಂದೇಹ ಆಗ ಎಲ್ಲರಿಗೂ ಇತ್ತು.

ಅಪಘಾತವಾಗಿ 16 ತಿಂಗಳು ತುಂಬಿದಾಗ, 1950ರ ಜೂನ್‌ನಲ್ಲಿ, ಮೆರಿಯನ್ ಎಂಬಲ್ಲಿ ನಡೆದ ಅಮೆರಿಕದ ಮುಕ್ತ ಚಾಂಪಿಯನ್ ಪಂದ್ಯದಲ್ಲಿ ಆತ ಒಂದೇ ದಿನ 36 ಕುಳಿಗಳ ಆಟವನ್ನು ಕಾಲ್ನಡಿಗೆಯಲ್ಲಿ ಮುಗಿಸಿದ. ಮಾರನೆಯ ದಿನ ಸಮಬಲದ ಇಬ್ಬರೊಡನೆ ಮತ್ತೆ 18 ಕುಳಿಗಳನ್ನು ಆಡಿ ಗೆದ್ದ. ಮುಂದಿನ ವರ್ಷ ಆತನ ಜೀವನವನ್ನೇ ಕಥಾವಸ್ತುವಾಗಿ ಮಾಡಿಕೊಂಡು ಚಲನಚಿತ್ರವೊಂದು ತೆರೆಗೆ ಬಂದಿತು. ಸಾವನ್ನು ಗೆದ್ದು ಬಂದವನೆಂದು ಲೋಕವೆಲ್ಲ ಕೊಂಡಾಡಿತು.

ಆದರೆ ಲೋಕ ಕಂಡದ್ದು ಬೆಳ್ಳಿಯ ಬಟ್ಟಲನ್ನು. ಆತನ ಕಾಲುಗಳನ್ನು ಹರಡಿನಿಂದ ತೊಡೆಯ ಮೂಲದವರೆಗೆ ಬಿಗಿದಿದ್ದ ಪಟ್ಟಿಗಳನ್ನು ಬಹು ಮಂದಿ ಕಾಣಲಿಲ್ಲ. ಪಂದ್ಯದ ದಿನ ಬೆಳಗ್ಗೆ ಬಿಸಿನೀರಿನ ತೊಟ್ಟಿಯಲ್ಲಿ ಬಹಳ ಹೊತ್ತು ಕುಳಿತು ಕಾಲುಗಳನ್ನು ಹದಕ್ಕೆ ತಂದುಕೊಳ್ಳದೆ ಆತನಿಗೆ ಹೊರಡುವಂತಿರಲಿಲ್ಲ. ಕಾಲೂತ ಕಡೆಯವರೆಗೂ ಬಿಡಲಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಪಂದ್ಯಗಳಲ್ಲಷ್ಟೇ ಆಡುವುದು ಸಾಧ್ಯವಾಯಿತು. ಹಾಗಾದರೆ ಬೆನ್ ಹೋಗನ್ ಗುಣಹೊಂದಿದನೆ? ಹೊಂದಿದನೆಂದರೆ ಎಷ್ಟು? ರೂಪಾಯಿಗೆ ಹದಿನಾರಾಣೆಯೇ, ಹನ್ನೆರಡಾಣೆಯೇ?

ಮೇಲುನೋಟಕ್ಕೆ ಹುಡುಗಾಟದ ಪ್ರಶ್ನೆಯಂತೆ ತೋರುವ ಇದಕ್ಕೆ ಉತ್ತರ ಹುಡುಕುವುದರಲ್ಲಿ ಮೂಳೆವೈದ್ಯರು ಮುಕ್ಕಾಲು ಶತಮಾನಕ್ಕೂ ಮಿಗಿಲಾಗಿ ತಲೆ ಕೆಡಿಸಿಕೊಂಡಿದ್ದಾರೆ.

ಕೋಡುಬಳೆಯ ನ್ಯಾಯ

ಸೊಂಟದ ಮೂಳೆ ಎಂದು ನಾವು ಆಡುಮಾತಿನಲ್ಲಿ ಹೇಳುವುದಕ್ಕೆ ಶಾಸ್ತ್ರದಲ್ಲಿ ಶ್ರೋಣಿಯೆಂದು ಹೆಸರು. ಅದು ಒಂದು ಮೂಳೆಯಲ್ಲ, ಒಂದು ಬಳೆ. ಹಿಂಭಾಗದಲ್ಲಿ ಬೆನ್ನೆಲುಬಿನ ಬುಡಕ್ಕೆ ತ್ರಿಕೋನಾಕಾರದ ತ್ರಿಕಾಸ್ಥಿ. ಅದರ ಎರಡು ಪಾರ್ಶ್ವಗಳಿಂದ ಹೊರಟು ಮುಂದೆ ಬಂದು ಕೂಡುವ ಎರಡು ಅಗಲವಾದ ಮೂಳೆಗಳು. ಇವನ್ನು ಬಿಗಿದು ಹಿಡಿದಿರುವುದು ಅಸ್ಥಿರಜ್ಜುಗಳು. ತ್ರಿಕಾಸ್ಥಿಯ ಹಿಂಬದಿಯ ರಜ್ಜುಗಳಂತೂ ಇಡೀ ದೇಹದಲ್ಲಿಯೇ ಅತ್ಯಂತ ಬಲಿಷ್ಠವಾದುವುಗಳಲ್ಲಿ ಸೇರಿವೆ. ಮುಂಡದ ಭಾರವೆಲ್ಲ ಈ ಬಳೆಯ ಮೂಲಕವೇ ಇಳಿಯಬೇಕು: ನಿಂತಾಗ ತೊಡೆಗಳಿಗೆ, ಕುಳಿತಾಗ ಆಸನದ ಎರಡು ಗುಬುಟುಗಳಿಗೆ. ಬಳೆಯ ಒಳಗೆ ಮೂತ್ರಕೋಶ, ಮಲಾಶಯ, ಹೆಂಗಸರಲ್ಲಿ ಗರ್ಭಕೋಶ. ಅದರ ಗೋಡೆಗೆ ಅಂಟಿಕೊಂಡಂತೆ ದೊಡ್ಡ ರಕ್ತನಾಳಗಳು, ಕಾಲಿಗೆ ಇಳಿಯುವ ನರಗಳು.

ಗಟ್ಟಿಯಾದ ಕೋಡುಬಳೆಯನ್ನು ಒಂದೇ ಕಡೆ ಮುರಿಯಲು ಯತ್ನಿಸಿದವರಿಗೆ ಈ ಗಾಯದ ಸ್ವಭಾವ ಅರ್ಥವಾಗುತ್ತದೆ. ಒಂದು ಕಡೆ ಮುರಿದು ಬಾಯಿ ಬಿಡಬೇಕಾದರೆ ಇನ್ನೊಂದು ಕಡೆಯೂ ಬಿರುಕು ಬಿಡಲೇಬೇಕು. ಶ್ರೋಣಿಯೂ ಬಹುಮಟ್ಟಿಗೆ ಹಾಗೆಯೇ. ಅಷ್ಟು ಬಿಗಿಯಾದ ಬಳೆಯನ್ನು ತೆರೆಯಬಲ್ಲ ಪೆಟ್ಟು ಸಾಮಾನ್ಯವಾದುದಲ್ಲ. ವಾಹನದ ಡಿಕ್ಕಿ, ಎತ್ತರದಿಂದ ಬೀಳುವಿಕೆ, ಮೇಲೆ ಕುಸಿದ ಮಣ್ಣು ಇಂತಹುದೇ ಆಗಬೇಕು. ಆದುದರಿಂದ ಇಂತಹ ರೋಗಿಗೆ ಶ್ರೋಣಿಯೊಂದೇ ಮುರಿದಿರುವುದು ಅಪರೂಪ. ಒಳಗೆ ಹೊರಗೆ ಕಾಣದಂತೆ ಲೀಟರುಗಟ್ಟಲೆ ರಕ್ತ ಸೋರಿಹೋಗಬಹುದು. ಮೊದಲ ದಿನದಲ್ಲಿ ವೈದ್ಯರ ಮುಂದಿರುವ ಪ್ರಶ್ನೆ ಒಂದೇ: ಈತ ಬದುಕುತ್ತಾನೆಯೇ?

ಈ ಪ್ರಶ್ನೆಯ ಭಾರದಡಿಯಲ್ಲಿ ಎರಡನೆಯ ಪ್ರಶ್ನೆ ಬಹು ಕಾಲ ಹೂತುಹೋಗಿತ್ತು. ಬದುಕಿ ಉಳಿದವನನ್ನು ಸಾಲಂಕೃತವಾಗಿ ಮನೆಗೆ ಕಳುಹಿಸಿದರೆ ವೈದ್ಯರ ಕರ್ತವ್ಯ ಮುಗಿಯಿತು ಎಂಬ ಭಾವನೆ ಇತ್ತು. ಮೂಳೆ ಹೇಗೂ ಕೂಡಿಕೊಳ್ಳುತ್ತದೆ, ಸ್ವಲ್ಪ ಓರೆಯಾದರೆ ಏನು ಮಹಾ ಎಂಬ ಸಮಾಧಾನವೂ ಇತ್ತು.

ಷೆಫೀಲ್ಡ್‌ನ ಲೆಕ್ಕ

ಈ ಸಮಾಧಾನವನ್ನು ಕಲಕಿದವರಲ್ಲಿ ಒಬ್ಬರು ಇಂಗ್ಲೆಂಡಿನ ಷೆಫೀಲ್ಡ್ ನಗರದ ಶಸ್ತ್ರವೈದ್ಯ ಫ್ರಾಂಕ್ ಹೋಲ್ಡ್ಸ್‌ವರ್ತ್. 1948ರಲ್ಲಿ ಅವರು ಶ್ರೋಣಿ ಮುರಿದ 50 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರು ಮಾಡಿದ ಕೆಲಸ ತೀರ ಸರಳವಾದುದು: ಗುಣವಾದರೆಂದು ಮನೆಗೆ ಹೋದವರು ಈಗ ಹೇಗಿದ್ದಾರೆಂದು ವಿಚಾರಿಸಿದರು, ಅಷ್ಟೆ. ತ್ರಿಕಾಸ್ಥಿಯ ಪಕ್ಕದ ಕೀಲು ತಪ್ಪಿದ್ದ 27 ಮಂದಿಯಲ್ಲಿ 15 ಮಂದಿಗೆ ಗಣನೀಯವಾದ ನೋವು ಉಳಿದಿತ್ತು, ಅವರು ದುಡಿಯಲಾರದವರಾಗಿದ್ದರು. ಕೀಲಿನ ಬದಲು ಅದರ ಪಕ್ಕದ ಮೂಳೆಯೇ ಮುರಿದವರ ಸ್ಥಿತಿ ಎಷ್ಟೋ ಮೇಲಾಗಿತ್ತು. ಮುರಿದ ಮೂಳೆ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ. ಹರಿದ ರಜ್ಜು ಮೊದಲಿನ ಬಿಗಿಗೆ ಬರುವುದಿಲ್ಲ. ವಿಚಾರಿಸದೆ ಇದ್ದಿದ್ದರೆ ಈ ಭೇದ ಯಾರಿಗೂ ತಿಳಿಯುತ್ತಿರಲಿಲ್ಲ.

ಮುಂದೆ ಕೆನಡಾದ ಟೊರಾಂಟೊ ನಗರದ ಮಾರ್ವಿನ್ ಟೈಲ್ ಅವರು ಗಾಯಗಳನ್ನು ಮೂರು ಪಂಗಡಗಳಾಗಿ ವಿಂಗಡಿಸಿದರು: ಬಳೆ ಅಲುಗದಿರುವುದು, ಬಳೆ ಪುಸ್ತಕದಂತೆ ತೆರೆದು ಮುಚ್ಚುವುದು, ಮೇಲಕ್ಕೂ ಕೆಳಕ್ಕೂ ಜಾರುವುದು. ಲೋಹದ ತಗಡು, ತಿರುಪುಮೊಳೆಗಳಿಂದ ಬಳೆಯನ್ನು ಮತ್ತೆ ಕೂಡಿಸುವ ಶಸ್ತ್ರಕ್ರಿಯೆ ಬೆಳೆಯಿತು. ಶಸ್ತ್ರಕ್ರಿಯೆ ಬೆಳೆದಂತೆ ತಾನು ಮಾಡಿದುದು ಎಷ್ಟು ಚೆನ್ನಾಗಿದೆಯೆಂದು ಅಳೆಯುವ ಆಸೆಯೂ ಬೆಳೆಯುವುದು ಸಹಜ. 1996ರಲ್ಲಿ ಮಟ್ಟ ಮತ್ತು ಟಾರ್ನೆಟ್ಟ ಎಂಬ ಅಮೆರಿಕದ ಇಬ್ಬರು ವೈದ್ಯರು ಕ್ಷ-ಕಿರಣ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟು ದರ್ಜೆ ಕೊಡುವ ಕ್ರಮವನ್ನು ರೂಢಿಗೆ ತಂದರು. ಸ್ಥಾನ ತಪ್ಪಿದ್ದು 4 ಮಿಲಿಮೀಟರಿನೊಳಗೆ ಇದ್ದರೆ ಅತ್ಯುತ್ತಮ, 10ರವರೆಗೆ ಉತ್ತಮ, 20ರವರೆಗೆ ಸಾಧಾರಣ, ಅದಕ್ಕೆ ಮೀರಿದರೆ ಕಳಪೆ.

ಅಳತೆಪಟ್ಟಿಯಲ್ಲಿ ದೋಷವಿಲ್ಲ. ಒಂದು ಪಾರ್ಶ್ವ ಮೇಲಕ್ಕೆ ಜಾರಿ ಹಾಗೆಯೇ ಕೂಡಿಕೊಂಡರೆ ಆ ಕಾಲು ಗಿಡ್ಡವಾಗುತ್ತದೆ, ಕುಳಿತಾಗ ದೇಹ ಒಂದು ಕಡೆಗೆ ವಾಲುತ್ತದೆ. ಇದನ್ನು ಮಿಲಿಮೀಟರು ಹೇಳುತ್ತದೆ. ಆದರೆ ಚಿತ್ರಪಟ ಅತ್ಯುತ್ತಮವೆನಿಸಿಕೊಂಡ ಎಷ್ಟೋ ಮಂದಿ ನೋವಿನಿಂದ ನರಳುತ್ತಿದ್ದರು, ಚಿತ್ರಪಟ ಸುಮಾರಾದ ಕೆಲವರು ಆರಾಮವಾಗಿ ಓಡಾಡಿಕೊಂಡಿದ್ದರು. ನರಕ್ಕೆ ಪೆಟ್ಟಾದರೆ ಅದು ಚಿತ್ರದಲ್ಲಿ ಮೂಡದು. ಮೂತ್ರದ ತೊಂದರೆ ಮೂಡದು. ಕೆಲಸ ಕಳೆದುಕೊಂಡ ಚಿಂತೆಯಂತೂ ಯಾವ ಕಿರಣಕ್ಕೂ ಸಿಕ್ಕದು.

ಬಾಸ್ಟನ್ನಿನ ಛಲಗಾರ

ವಿಚಾರಿಸಿ ನೋಡುವ ಈ ಪದ್ಧತಿಗೆ ಹಿಂದೆ ಒಂದು ದೊಡ್ಡ ಜಗಳದ ಇತಿಹಾಸವಿದೆ. ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಒಂದು ವಾದ ಹೂಡಿದರು. ಆಸ್ಪತ್ರೆ ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಇಡಬೇಕು. ಚಿಕಿತ್ಸೆಯಾಗಿ ಒಂದು ವರ್ಷದ ಮೇಲೆ ಆತ ಹೇಗಿದ್ದಾನೆಂದು ವಿಚಾರಿಸಿ ಅದರಲ್ಲಿ ಬರೆಯಬೇಕು. ಗುಣವಾಗದಿದ್ದರೆ ಏಕೆಂದು ಹುಡುಕಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಈ ಮಾತಿನ ಅಪಾಯ ಸಹೋದ್ಯೋಗಿಗಳಿಗೆ ತಕ್ಷಣ ಹೊಳೆಯಿತು. ಹಿರಿತನಕ್ಕೆ ಮಾತ್ರ ಮನ್ನಣೆ, ಫಲಕ್ಕೆ ಇಲ್ಲ ಎಂಬ ಕಾರಣಕ್ಕೆ ಕಾಡ್ಮನ್ 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 1915ರ ಜನವರಿಯಲ್ಲಿ ಬಾಸ್ಟನ್ನಿನ ವೈದ್ಯರ ಸಭೆಯಲ್ಲಿ ಅವರು ಒಂದು ದೊಡ್ಡ ವ್ಯಂಗ್ಯಚಿತ್ರದ ಪರದೆ ಸರಿಸಿದರು. ಮರಳಿನಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿಯೊಂದು ಚಿನ್ನದ ಮೊಟ್ಟೆಗಳನ್ನು ಹಿಂದಕ್ಕೆ ಒದೆಯುತ್ತಿದೆ, ವೈದ್ಯರು ಆಯ್ದುಕೊಳ್ಳುತ್ತಿದ್ದಾರೆ. ಪಕ್ಷಿ ಯಾರೆಂದರೆ ಬಾಸ್ಟನ್ನಿನ ಸಿರಿವಂತ ಬಡಾವಣೆಯ ರೋಗಿಗಳು! ಸಭೆಯಲ್ಲಿ ಕೋಲಾಹಲವೆದ್ದಿತು.

ಅವರು ಬರಿಯ ಮಾತಿನ ಮನುಷ್ಯರಾಗಿರಲಿಲ್ಲ. 1911ರಲ್ಲಿಯೇ ತಮ್ಮದೇ ಚಿಕ್ಕ ಆಸ್ಪತ್ರೆ ತೆರೆದಿದ್ದರು. 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕವನ್ನೂ, ಅವರ ಚಿಕಿತ್ಸೆಯಲ್ಲಿ ಆದ 123 ತಪ್ಪುಗಳನ್ನೂ ತಾವೇ ಅಚ್ಚು ಹಾಕಿಸಿ ಹಂಚಿದರು. ತನ್ನ ತಪ್ಪುಗಳ ಪಟ್ಟಿಯನ್ನು ತಾನೇ ಹಣ ಕೊಟ್ಟು ಅಚ್ಚು ಹಾಕಿಸಿದ ವೈದ್ಯ ಲೋಕದಲ್ಲಿ ಎಷ್ಟು ಮಂದಿ ಸಿಕ್ಕಿಯಾರು? 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಹೆಸರಿನ ಕಲ್ಲು ಸಹ ಇರಲಿಲ್ಲ. ಕಲ್ಲನ್ನು ನಿಲ್ಲಿಸಿದುದು 2014ರಲ್ಲಿ.

ನೂರು ಅಂಕಗಳ ಪರೀಕ್ಷೆ

ವಿಚಾರಿಸಬೇಕು, ಸರಿ, ಏನೆಂದು ವಿಚಾರಿಸಬೇಕು? ಸೊಂಟ ಮುರಿದವನಿಗೆ ಹೊಂದುವ ಪ್ರಶ್ನೆಗಳ ಪಟ್ಟಿಯೊಂದನ್ನು 1989ರಲ್ಲಿ ಸಿದ್ಧಪಡಿಸಿ ಪ್ರಕಟಿಸಿದವರು ಬಹ್ರೇನ್ ದೇಶದ ಸಲ್ಮಾನಿಯಾ ವೈದ್ಯಕೀಯ ಕೇಂದ್ರದಲ್ಲಿದ್ದ ಎಸ್. ಎ. ಮಜೀದ್. ಅಲ್ಲಿಂದೀಚೆಗೆ ಅದು ಲೋಕದಲ್ಲೆಲ್ಲ ಹರಡಿದೆ. ಭಾರತದ ಶಸ್ತ್ರವೈದ್ಯರ ಪ್ರಬಂಧಗಳಲ್ಲಿಯೂ ಮಜೀದರ ಅಂಕವೆಂದೇ ಬಳಕೆಯಲ್ಲಿದೆ. ಶಾಲೆಯ ಪರೀಕ್ಷೆಯಂತೆ ಒಟ್ಟು 100 ಅಂಕ. ಅವುಗಳ ಹಂಚಿಕೆಯನ್ನು ನೋಡಿದರೆ ಮನುಷ್ಯಜೀವನದ ಯಾವ ಭಾಗಕ್ಕೆ ಎಷ್ಟು ಬೆಲೆ ಕಟ್ಟಲಾಗಿದೆಯೆಂಬುದು ಬಯಲಾಗುತ್ತದೆ.

ನೋವಿಗೆ 30. ಸುಮ್ಮನೆ ಮಲಗಿದ್ದರೂ ಬಿಡದೆ ಕಾಡುವ ತೀವ್ರ ನೋವಾದರೆ ಸೊನ್ನೆಯಿಂದ 5. ಎಂದೋ ಒಮ್ಮೆ ಅಲ್ಪ ನೋವು, ಅಥವಾ ನೋವೇ ಇಲ್ಲವೆಂದರೆ ಪೂರ್ತಿ 30. ನಿಲುವು ನಡಿಗೆಗಳಿಗೆ 36. ಅದನ್ನು ಮೂರು ಸಮಭಾಗ ಮಾಡಿ, ಯಾವ ಆಸರೆ ಬೇಕು, ನಡಿಗೆ ಹೇಗಿದೆ, ಎಷ್ಟು ದೂರ ನಡೆಯಬಲ್ಲ ಎಂದು ಕೇಳಲಾಗುತ್ತದೆ. ಗಾಲಿಕುರ್ಚಿಗೆ 4 ಅಂಕ, ಎರಡು ಕಂಕುಳುಗೋಲಿಗೆ 6, ಎರಡು ಕೈಗೋಲಿಗೆ 8, ಒಂದಕ್ಕೆ 10, ಬರಿಗೈಯಲ್ಲಿ ನಡೆದರೆ 12. ಕೆಲಸಕ್ಕೆ 20: ಮೊದಲಿನ ಕೆಲಸವನ್ನೇ ಮೊದಲಿನಂತೆಯೇ ಮಾಡಿದರೆ 20, ಅದೇ ಕೆಲಸ ಆದರೆ ಮೊದಲಿನಷ್ಟು ಸಾಗದಿದ್ದರೆ 16, ಕೆಲಸವನ್ನೇ ಬದಲಾಯಿಸಬೇಕಾದರೆ 12. ಕುಳಿತುಕೊಳ್ಳುವುದಕ್ಕೆ 10. ದಾಂಪತ್ಯ ಸಂಬಂಧಕ್ಕೆ 4. ಮೊತ್ತ 85ಕ್ಕೆ ಮೇಲಾದರೆ ಅತ್ಯುತ್ತಮ, 70ರಿಂದ ಉತ್ತಮ, 55ರಿಂದ ಸಾಧಾರಣ, ಅದಕ್ಕಿಂತ ಕಡಿಮೆಯಾದರೆ ಕಳಪೆ.

ಪಟ್ಟಿ ಜಾಣತನದಿಂದ ಕೂಡಿದೆ. ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಯಂತ್ರ ಬೇಡ, ಹಣ ಬೇಡ. ಬೆನ್ ಹೋಗನ್ನನನ್ನು ಈ ಪರೀಕ್ಷೆಗೆ ಕೂರಿಸಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಸ್ವಾರಸ್ಯಕರ. ಕೋಲಿಲ್ಲದೆ ನಡೆದ, ಹಳೆಯ ಕೆಲಸಕ್ಕೇ ಮರಳಿದ. ಅಂಕಗಳು ಧಾರಾಳವಾಗಿ ಬೀಳುತ್ತಿದ್ದುವು. ಆದರೆ ವರ್ಷವೆಲ್ಲ ಆಡುತ್ತಿದ್ದವನು ಕೆಲವೇ ಪಂದ್ಯಗಳಿಗೆ ಇಳಿದುದು ಮೊದಲಿನಂತೆಯೇ ಎಂಬ ಮನೆಗೆ ಸೇರುತ್ತದೆಯೋ, ಮೊದಲಿನಷ್ಟು ಸಾಗದೆ ಎಂಬ ಮನೆಗೋ? 1953ರಲ್ಲಿ ಮೂರು ಮಹಾಪಂದ್ಯಗಳನ್ನು ಗೆದ್ದವನಿಗೆ ಕೆಲಸ ಸಾಗಲಿಲ್ಲವೆಂದು ಅಂಕ ಕಡಿಯುವ ಧೈರ್ಯ ಯಾವ ಪರೀಕ್ಷಕನಿಗೆ ಬಂದೀತು? ಕಾಲೂತಕ್ಕಂತೂ ಪಟ್ಟಿಯಲ್ಲಿ ಜಾಗವೇ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗುರುತರವಾದುದು. ಗಾಯಕ್ಕೆ ಮೊದಲು ಉದ್ಯೋಗವಿಲ್ಲದವರಿಗೆ ಕೆಲಸದ 20 ಅಂಕಗಳನ್ನು ಬಿಟ್ಟು 80ಕ್ಕೆ ಲೆಕ್ಕ ಹಾಕಬೇಕೆಂದು ನಿಯಮ. ನಿಯಮ ನ್ಯಾಯವಾದುದೇ. ಆದರೆ ಗೃಹಿಣಿಯನ್ನು ಯಾವ ಸಾಲಿಗೆ ಸೇರಿಸುವುದು? ಸಂಬಳವಿಲ್ಲವೆಂಬ ಒಂದೇ ಕಾರಣಕ್ಕೆ ಆಕೆಯನ್ನು ಉದ್ಯೋಗವಿಲ್ಲದವರ ಪಂಕ್ತಿಯಲ್ಲಿ ಕೂರಿಸಿದರೆ, ಬಗ್ಗಿ ಕಸ ಗುಡಿಸಲಾರದ, ತುಂಬಿದ ಕೊಡ ಎತ್ತಲಾರದ, ಒಲೆಯ ಮುಂದೆ ಅರ್ಧ ಗಂಟೆ ನಿಲ್ಲಲಾರದ ಹೆಂಗಸು ಕಾಗದದ ಮೇಲೆ ಅತ್ಯುತ್ತಮಳಾಗಿ ಬಿಡುತ್ತಾಳೆ. ಕಾಗದವನ್ನು ತುಂಬುವವನು ತನ್ನ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವುದನ್ನು ಒಮ್ಮೆ ನೋಡಿಕೊಂಡು ಬರುವುದು ಒಳ್ಳೆಯದು.

ನಾಲ್ಕು ಅಂಕದ ದುಃಖ

ದಾಂಪತ್ಯಕ್ಕೆ ಇಟ್ಟಿರುವ ಆ 4 ಅಂಕಗಳ ಮೇಲೆ ವೈದ್ಯರಲ್ಲಿಯೇ ಬಹಳ ಟೀಕೆಯಾಗಿದೆ. ಎಷ್ಟೋ ಕಡೆ ಈ ಪ್ರಶ್ನೆಯನ್ನು ಕೇಳುವ ವೈದ್ಯರಿಗೂ ಸಂಕೋಚ, ಹೇಳುವ ರೋಗಿಗೂ ಸಂಕೋಚ. ಮನೆ ಖಾಲಿ ಉಳಿಯುತ್ತದೆ. ತೊಂದರೆ ಮಾತ್ರ ಖಾಲಿಯಲ್ಲ. ಗಂಡಸರಲ್ಲಿ ಮೂತ್ರನಾಳವೂ ನರಗಳೂ ಪೆಟ್ಟಿಗೆ ಸಿಕ್ಕುವುದುಂಟು. ಅಮೆರಿಕದಲ್ಲಿ ಹೆಂಗಸರನ್ನೇ ಕುರಿತು ನಡೆದ, 1997ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಬಳೆಯ ಸ್ಥಾನ 5 ಮಿಲಿಮೀಟರಿಗೆ ಮಿಕ್ಕಿ ತಪ್ಪಿದವರಲ್ಲಿ ದಾಂಪತ್ಯದ ನೋವು ಹೆಚ್ಚೆಂದು ಕಂಡುಬಂದಿತು. ಗಾಯದ ಅನಂತರ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ ಪ್ರಸಂಗಗಳೂ ಹೆಚ್ಚಾಗಿದ್ದುವು. ಮದುವೆಯ ವಯಸ್ಸಿನ ಹೆಣ್ಣುಮಗಳಿಗೆ, ಆಕೆಯ ತಾಯಿಗೆ, ಮೊದಲು ಕಾಡುವ ಚಿಂತೆ ಇದೇ. ನೂರರಲ್ಲಿ ನಾಲ್ಕೆಂದರೆ ಅವರು ಒಪ್ಪುವರೆ?

ಮೆಕ್ಸಿಕೋ ದೇಶದ ಚಿತ್ರಕಲಾವಿದೆ ಫ್ರೀಡಾ ಕಾಲೋಳ ಹೆಸರನ್ನು ಓದುಗರಲ್ಲಿ ಹಲವರು ಕೇಳಿರಬಹುದು. 1925ರ ಸೆಪ್ಟೆಂಬರ್ 17ರಂದು ಮೆಕ್ಸಿಕೋ ನಗರದಲ್ಲಿ ಆಕೆ ಕುಳಿತಿದ್ದ ಬಸ್ಸಿಗೆ ಟ್ರಾಮು ಡಿಕ್ಕಿ ಹೊಡೆಯಿತು. ಆಕೆಗೆ ಆಗ 18 ವರ್ಷ. ಬಸ್ಸಿನ ಕಬ್ಬಿಣದ ಹಿಡಿಗಂಬಿ ಸೊಂಟವನ್ನು ತೂರಿ ಹೋಯಿತು. ಶ್ರೋಣಿ ಮೂರು ಕಡೆ ಮುರಿಯಿತು, ಬೆನ್ನೆಲುಬೂ ಮುರಿಯಿತು. ಕೆಲವು ತಿಂಗಳಲ್ಲಿ ಆಕೆ ಎದ್ದು ನಡೆದಳು. ನೋಡಿದವರು ಗುಣವಾಯಿತೆಂದರು. ಮುಂದಿನ ಸುಮಾರು 29 ವರ್ಷಗಳ ಬದುಕು ನೋವು, ಶಸ್ತ್ರಕ್ರಿಯೆ, ಬೆನ್ನಿಗೆ ಬಿಗಿದ ಕವಚಗಳ ನಡುವೆ ಕಳೆಯಿತು. 1932ರಲ್ಲಿ ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ಗರ್ಭ ಕಳೆದುಕೊಂಡಳು. ಮಗುವಿನ ಹಂಬಲ ಕೊನೆಗೂ ಕೈಗೂಡಲಿಲ್ಲ. 1944ರಲ್ಲಿ ಬರೆದ ಚಿತ್ರದಲ್ಲಿ ಆಕೆಯ ಬೆನ್ನೆಲುಬಿನ ಸ್ಥಾನದಲ್ಲಿ ಬಿರುಕುಬಿಟ್ಟ ಕಲ್ಲಿನ ಕಂಬವಿದೆ, ಮೈತುಂಬ ಮೊಳೆಗಳಿವೆ. ವೈದ್ಯರ ಕಡತಗಳಲ್ಲಿ ಬರೆಯಲು ಜಾಗವಿಲ್ಲದುದನ್ನು ಆಕೆ ಬಟ್ಟೆಯ ಮೇಲೆ ಬರೆದಳು.

ರೋಗಿಯೇ ಪರೀಕ್ಷಕ

ಇತ್ತ ಬೇರೊಂದು ಯೋಚನೆಯೂ ಬೆಳೆಯುತ್ತಿತ್ತು. ಅಂಕವನ್ನು ಶಸ್ತ್ರವೈದ್ಯನೇ ಏಕೆ ಹಾಕಬೇಕು? ತಾನು ಮಾಡಿದ ಅಡಿಗೆಗೆ ತಾನೇ ರುಚಿ ಹೇಳುವ ಬಾಣಸಿಗನ ಮಾತನ್ನು ಎಷ್ಟು ನಂಬುವುದು? ಹೀಗೆ ರೋಗಿಯೇ ತುಂಬಿಕೊಡುವ ಪ್ರಶ್ನಾವಳಿಗಳು ಬಂದುವು. 1990ರಲ್ಲಿ ಯೂರೋಪಿನ ವಿದ್ವಾಂಸರ ಕೂಟವೊಂದು ಪ್ರಕಟಿಸಿದ ಐದು ಪ್ರಶ್ನೆಗಳ ಕಾಗದ ಅವುಗಳಲ್ಲಿ ಅತಿ ಚಿಕ್ಕದು: ಓಡಾಟ, ಸ್ನಾನ ಉಡುಪುಗಳಂತಹ ಸ್ವಂತದ ಆರೈಕೆ, ದಿನನಿತ್ಯದ ಕೆಲಸ, ನೋವು, ಚಿಂತೆ ಖಿನ್ನತೆಗಳು. ಜೊತೆಗೆ ಉಷ್ಣಮಾಪಕದಂತೆ ನೆಟ್ಟಗೆ ಎಳೆದ ಒಂದು ಗೀಟು. ಅದರ ಬುಡದಲ್ಲಿ 0, ತುದಿಯಲ್ಲಿ 100. ಇಂದು ನಿಮ್ಮ ಆರೋಗ್ಯ ಎಲ್ಲಿದೆ, ಗುರುತು ಹಾಕಿ ಎಂದಷ್ಟೇ ಕೇಳಲಾಗುತ್ತದೆ. 1992ರಲ್ಲಿ ಅಮೆರಿಕದಲ್ಲಿ ಬಂದ 36 ಪ್ರಶ್ನೆಗಳ ಪಟ್ಟಿ ಇನ್ನೂ ವಿವರವಾದುದು.

ಇವು ಮನಸ್ಸನ್ನೂ ವಿಚಾರಿಸುತ್ತವೆ. ಮಜೀದರ ಪಟ್ಟಿ ವಿಚಾರಿಸುವುದಿಲ್ಲ. ಆದರೆ ಇವು ಎಲ್ಲ ರೋಗಗಳಿಗೂ ಹೊಲಿದ ಅಂಗಿಗಳು. ರೋಗಿಯ ಅಂಕ ತಗ್ಗಿದ್ದರೆ ಅದು ಸೊಂಟದ ದೆಸೆಯಿಂದಲೋ, ಅದೇ ಅಪಘಾತದಲ್ಲಿ ಜಜ್ಜಿಹೋದ ಪಾದದ ದೆಸೆಯಿಂದಲೋ, ತಲೆಗೆ ಬಿದ್ದ ಪೆಟ್ಟಿನಿಂದಲೋ ತಿಳಿಯುವುದಿಲ್ಲ. ಮೊದಲಿನ ಸ್ಥಿತಿಯೊಡನೆ ಹೋಲಿಸೋಣವೆಂದರೆ, ಬಸ್ಸಿನಡಿಗೆ ಬೀಳುವ ಮುನ್ನಾ ದಿನ ಯಾರೂ ಪ್ರಶ್ನಾವಳಿ ತುಂಬಿರುವುದಿಲ್ಲ. ನೆನಪಿನಿಂದ ಹೇಳಿಸಿದರೆ ಹಳೆಯ ದಿನಗಳು ಇದ್ದುದಕ್ಕಿಂತ ಸೊಗಸಾಗಿ ಕಾಣುವುದು ಮನುಷ್ಯಸ್ವಭಾವ.

ಸೊಂಟಕ್ಕೇ ಮೀಸಲಾದ ಪಟ್ಟಿಗಳಾದರೂ ಗಟ್ಟಿಯೇ? ಕೆನಡಾದ ವೈದ್ಯರ ತಂಡವೊಂದು ಅದುವರೆಗಿನ ಪ್ರಬಂಧಗಳನ್ನೆಲ್ಲ ಜರಡಿ ಹಿಡಿದು 2012ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಈ ಪಟ್ಟಿಗಳು ಅಳೆಯಬೇಕಾದುದನ್ನೇ ಅಳೆಯುತ್ತಿವೆಯೇ ಎಂಬುದನ್ನು ಸರಿಯಾಗಿ ಒರೆಗೆ ಹಚ್ಚಿಲ್ಲವೆಂದು ಎತ್ತಿ ತೋರಿಸಿತು. ತಕ್ಕಡಿಯನ್ನು ಪರೀಕ್ಷಿಸದೆಯೇ ಚಿನ್ನ ತೂಗಿದಂತಾಯಿತು. ಮತ್ತೊಂದು ಕೊರತೆಯೆಂದರೆ ಪೂರ್ಣಾಂಕ ಪಡೆಯುವುದು ಸುಲಭ. ತುದಿ ಮುಟ್ಟಿದ ಹಲವರಿಗೆ ಇನ್ನೂ ಕಷ್ಟಗಳಿರುತ್ತವೆ. ಅಳತೆಗೋಲು ಮಾತ್ರ ಅಲ್ಲಿಗೆ ಮುಗಿದುಹೋಗಿರುತ್ತದೆ.

ನೆಲದ ಮೇಲಿನ ಬದುಕು

ಈ ಕೊರತೆ ನಮ್ಮ ನಾಡಿನ ರೋಗಿಗೆ ಇನ್ನಷ್ಟು ತಟ್ಟುತ್ತದೆ. ಕುಳಿತುಕೊಳ್ಳುವುದಕ್ಕೆ ಇರುವ 10 ಅಂಕಗಳನ್ನು ಮಜೀದರ ಪಟ್ಟಿ ಹಂಚುವುದು ಹೀಗೆ: ಕುಳಿತರೆ ನೋವೇ, ಬಹಳ ಹೊತ್ತು ಅಥವಾ ಅಡ್ಡಾದಿಡ್ಡಿಯಾಗಿ ಕುಳಿತರೆ ನೋವೇ, ಬರಿಯ ಇರುಸುಮುರುಸೇ, ನಿರಾತಂಕವೇ? ಎಲ್ಲಿ ಕುಳಿತರೆ ಎಂಬ ಮಾತಿಲ್ಲ. ಕುರ್ಚಿಯ ಮೇಲೆ ಇಡೀ ದಿನ ಕುಳಿತಿರಬಲ್ಲ ಮನುಷ್ಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಲಾರದವನಾಗಿರಬಹುದು. ಕುಕ್ಕರಗಾಲಲ್ಲಿ ಕುಳಿತರೆ ಏಳಲಾರದವನಾಗಿರಬಹುದು. ಹಳ್ಳಿಯಲ್ಲಿ ಶೌಚಕ್ಕೂ ಕುಕ್ಕರಗಾಲು, ಕಳೆ ಕೀಳುವುದಕ್ಕೂ ಕುಕ್ಕರಗಾಲು, ಹಾಲು ಕರೆಯುವುದಕ್ಕೂ ಕುಕ್ಕರಗಾಲು. ಪಂಕ್ತಿಯ ಊಟದಲ್ಲಿ ಎಲ್ಲರೂ ಎಲೆಯ ಮುಂದೆ ಕುಳಿತಿರುವಾಗ ತನಗೊಬ್ಬನಿಗೆ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಳ್ಳಬೇಕಾದವನಿಗೆ ಎಷ್ಟು ಅಂಕ ಕಡಿಯಬೇಕು?

ಭಾಷೆಯ ತೊಡಕೂ ಉಂಟು. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ ಒಬ್ಬರು ಅನುವಾದಿಸಬೇಕು, ಮೂಲವನ್ನು ಕಾಣದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಎರಡನ್ನೂ ಹೋಲಿಸಿ ನೋಡಬೇಕು ಎಂಬ ಕಟ್ಟುನಿಟ್ಟಿನ ಕ್ರಮವಿದೆ. ಕ್ರಮದಂತೆ ನಡೆದರೂ ಮಾತಿನ ಮರ್ಮ ಜಾರಿಕೊಳ್ಳುತ್ತದೆ. ನಮ್ಮ ರೈತ ನೋವೆಂದು ಒಂದೇ ಮಾತಿನಲ್ಲಿ ಹೇಳುವವನಲ್ಲ. ಸೆಳೆತ ಬೇರೆ, ಹಿಡಿತ ಬೇರೆ, ಚಳುಕು ಬೇರೆ, ಜೋಮು ಬೇರೆ. ಜೋಮನ್ನು ನೋವಿನ ಲೆಕ್ಕಕ್ಕೆ ಸೇರಿಸಬೇಕೆಂದು ಆತನಿಗೆ ತೋರುವುದಿಲ್ಲ. ಆದರೆ ನರಕ್ಕೆ ಪೆಟ್ಟಾಗಿದೆಯೆಂದು ಹೇಳುವ ಸಾಕ್ಷಿಯೇ ಅದು. ಇನ್ನು, ಹೇಗಿದ್ದೀರಿ ಎಂದು ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು: ‘ಪರವಾಗಿಲ್ಲ ಸ್ವಾಮಿ, ತಮ್ಮ ದಯೆ.’ ಇದು ಆರೋಗ್ಯದ ವರದಿಯಲ್ಲ, ಸೌಜನ್ಯ. ಜೀವ ಉಳಿಸಿದ ಡಾಕ್ಟರ ಎದುರಿಗೆ ನಿಂತು ಇನ್ನೂ ನೋಯುತ್ತದೆ ಎನ್ನುವುದು ಕೃತಘ್ನತೆಯಾದೀತೆಂಬ ಅಳುಕು. ಪ್ರಶ್ನೆ ಕೇಳುವವರು ಶಸ್ತ್ರಕ್ರಿಯೆ ಮಾಡಿದವರಲ್ಲದೆ ಬೇರೆಯವರಾಗಿರಬೇಕೆಂಬ ನಿಯಮಕ್ಕೆ ಇಲ್ಲಿ ದುಪ್ಪಟ್ಟು ಬೆಲೆಯಿದೆ.

ವೃದ್ಧರ ವಿಷಯದಲ್ಲಿ ಅಳತೆ ಇನ್ನೂ ಸರಳವಾಗುತ್ತದೆ. ಎಲುಬು ಸವೆದ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದರೆ ಸಾಕು, ಶ್ರೋಣಿಯ ಮುಂಭಾಗ ಬಿರುಕು ಬಿಡುತ್ತದೆ. ಇಂತಹವರಿಗೆ ಹಲವು ವೇಳೆ ಶಸ್ತ್ರಕ್ರಿಯೆ ಬೇಕಾಗುವುದಿಲ್ಲ. ನೋವು ತಗ್ಗಿಸಿ ಬೇಗ ಎಬ್ಬಿಸಿ ನಡೆಸುವುದೇ ಚಿಕಿತ್ಸೆ. ಆಕೆಗೆ ಉದ್ಯೋಗದ ಅಂಕದಿಂದ ಪ್ರಯೋಜನವೇನು? 1991ರಿಂದ ಬಳಕೆಗೆ ಬಂದ ಪರೀಕ್ಷೆಯೊಂದಿದೆ: ಕೈಗಳುಳ್ಳ ಕುರ್ಚಿಯಿಂದ ಏಳುವುದು, 3 ಮೀಟರು ನಡೆಯುವುದು, ತಿರುಗಿ ಬಂದು ಕುಳಿತುಕೊಳ್ಳುವುದು. ಗಡಿಯಾರವೊಂದಿದ್ದರೆ ಸಾಕು. ಸ್ವತಂತ್ರವಾಗಿ ಓಡಾಡುವವರು ಸುಮಾರು 10 ಸೆಕೆಂಡಿನಲ್ಲಿ ಮುಗಿಸುತ್ತಾರೆ. 30 ಸೆಕೆಂಡು ಮೀರಿದರೆ ಮನೆಯೊಳಗೂ ಒಬ್ಬರ ಕೈ ಬೇಕೆಂದು ಅರ್ಥ.

ಉಳಿದುದು ಕಾಲದ ಪ್ರಶ್ನೆ. ಮೂಳೆ ಕೂಡಲು ಕೆಲವು ತಿಂಗಳು. ಮನುಷ್ಯ ಎಲ್ಲಿಗೆ ಬಂದು ನಿಂತನೆಂದು ತಿಳಿಯಲು ವರ್ಷ, ಎರಡು ವರ್ಷ ಬೇಕು. ಅಷ್ಟು ದಿನ ರೋಗಿ ಬರುತ್ತಾ ಇರಬೇಕಲ್ಲ! ಮೊದಲ ಬಾರಿ ಬಂದವರೆಲ್ಲರೂ ವರ್ಷದ ಕೊನೆಗೆ ಬರುವುದಿಲ್ಲ. ಬಾರದವನು ಗುಣವಾಗಿ ಉಳುವುದಕ್ಕೆ ಹೋಗಿದ್ದಾನೋ, ಬಸ್ಸಿನ ಮೆಟ್ಟಿಲು ಹತ್ತಲಾರದೆ ಮನೆಯಲ್ಲಿದ್ದಾನೋ, ಹಾದಿಯ ಖರ್ಚಿಗೆ ಗತಿಯಿಲ್ಲದವನೋ, ಕಡತದಿಂದ ತಿಳಿಯುವ ಬಗೆಯಿಲ್ಲ. ಬಂದವರ ಅಂಕಗಳನ್ನಷ್ಟೇ ಕೂಡಿ ಸರಾಸರಿ ತೆಗೆದರೆ ಅದು ಬಂದವರ ಕಥೆ ಮಾತ್ರ. ಆದುದರಿಂದ ಬಾರದವರನ್ನು ದೂರವಾಣಿಯಲ್ಲಿ ಮಾತನಾಡಿಸಿ ವಿಚಾರಿಸುವ ಪರಿಪಾಟಿ ಈಗ ಇದೆ. ನೋವನ್ನು ಕೇಳಬಹುದು, ಕೆಲಸವನ್ನು ಕೇಳಬಹುದು, ಎಷ್ಟು ದೂರ ನಡೆಯುತ್ತೀರೆಂದೂ ಕೇಳಬಹುದು. ನಡಿಗೆಯಲ್ಲಿ ಕುಂಟು ಎಷ್ಟಿದೆಯೆಂಬ 12 ಅಂಕಗಳ ಮನೆಯನ್ನು ಮಾತ್ರ ಕಣ್ಣಾರೆ ಕಂಡವರೇ ತುಂಬಬೇಕು.